ಮಗನಿಗೊಂದು ಶಾಲೆ, ಮಗಳಿಗೊಂದು ಶಾಲೆ!

(ವಿಜಯಪುರ ನಗರದ ಇಬ್ರಾಹಿಂಪುರದಲ್ಲಿ ಪೋಷಕರನ್ನುದ್ದೇಶಿಸಿ ಮಾಡಿದ ಭಾಷಣ)



ಆರರಿಂದ ಹದಿನಾಲ್ಕು ವರ್ಷದೊಳಗಿನ ಮುಸ್ಲಿಮ್ ಮಕ್ಕಳಲ್ಲಿ ಕಾಲು ಭಾಗದಷ್ಟು ಮಂದಿ ಒಂದೋ ಶಾಲೆಯ ಮೆಟ್ಟಿಲು ಹತ್ತಿಲ್ಲ, ಇಲ್ಲವೇ ನಡುವೆಯೇ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿದಾಗ ನಾವು ತಲೆತಗ್ಗಿಸಿದ್ದೆವು. ಇಂದು ಈ ಬಡಾವಣೆಯ ತಂದೆ ತಾಯಂದಿರು ಕೇಳುತ್ತಿರುವ ಪ್ರಶ್ನೆ ಬೇರೆ: ಯಾವ ಖಾಸಗಿ ಶಾಲೆ ಒಳ್ಳೆಯದು? ಪ್ರಶ್ನೆ ಬದಲಾದದ್ದು ಸಂತಸದ ವಿಷಯವೇ. ಆದರೆ ಉತ್ತರವನ್ನು ನಾವು ಹುಡುಕುತ್ತಿರುವುದೆಲ್ಲಿ? ಕಟ್ಟಡದ ಎತ್ತರದಲ್ಲಿ, ಕೊರಳಿನ ಟೈಯಲ್ಲಿ, ಬಾಗಿಲಿಗೆ ಬರುವ ವಾಹನದಲ್ಲಿ!

ಮೊದಲು ಕೇಳಬೇಕಾದದ್ದು ಮಾನ್ಯತೆಯನ್ನು. ಶಾಲೆಗೆ ಯಾವ ತರಗತಿಯವರೆಗೆ ಅನುಮತಿ ಇದೆ? ಪತ್ರವನ್ನು ಕಣ್ಣಾರೆ ನೋಡಿರಿ. ಸಂಶಯವಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿರಿ. ಎರಡನೆಯದಾಗಿ, ಶಿಕ್ಷಕರು ತರಬೇತಿ ಪಡೆದವರೇ, ವರ್ಷ ಪೂರ್ತಿ ನಿಲ್ಲುವವರೇ? ಮೂರನೆಯದು ಭಾಷೆ. ನಮ್ಮ ಮಗು ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ ಆಡುತ್ತದೆ. ದಖನಿಯೇನೂ ಕೀಳು ನುಡಿಯಲ್ಲ. ಈ ಊರನ್ನಾಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ‘ಕಿತಾಬ್-ಎ-ನೌರಸ್’ ಬರೆದದ್ದು ಅದರಲ್ಲಿಯೇ. ಈ ನುಡಿಗಳ ನೆರವಿಲ್ಲದೆ ಇಂಗ್ಲಿಷ್ ಪಾಠವನ್ನು ಬಾಯಿಪಾಠ ಮಾಡಿಸುವ ಶಾಲೆಯಲ್ಲಿ ಮಗು ಶಬ್ದ ಕಲಿತೀತೇ ಹೊರತು ವಿದ್ಯೆಯನ್ನಲ್ಲ. ಪುಸ್ತಕದ ಒಂದು ಪುಟ ಓದಿಸಿ, ಅರ್ಥವನ್ನು ಮನೆಮಾತಿನಲ್ಲಿ ಕೇಳಿ ನೋಡಿರಿ.

ಇನ್ನು ಕಾನೂನು. 2009ರ ಶಿಕ್ಷಣ ಹಕ್ಕು ಕಾಯ್ದೆ ವಂತಿಗೆಯನ್ನೂ ಪ್ರವೇಶಕ್ಕಾಗಿ ಮಗುವನ್ನು, ಪೋಷಕರನ್ನು ಪರೀಕ್ಷಿಸುವುದನ್ನೂ ನಿಷೇಧಿಸಿದೆ. ಆದರೆ ಬಡ ಮಕ್ಕಳಿಗೆಂದು ಖಾಸಗಿ ಶಾಲೆಗಳಲ್ಲಿ ಮೀಸಲಿಟ್ಟ ಶೇಕಡಾ 25ರ ಬಾಗಿಲನ್ನು 2019ರಲ್ಲಿ ರಾಜ್ಯ ಸರಕಾರವು, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇಲ್ಲದಲ್ಲಿ ಮಾತ್ರ ಎಂದು ಕಿರಿದುಗೊಳಿಸಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಈ ಕಾಯ್ದೆಯೇ ಅನ್ವಯಿಸದೆಂದು 2014ರಲ್ಲಿ ಸುಪ್ರೀಮ್ ಕೋರ್ಟು ತೀರ್ಪಿತ್ತಿತು. ಕಾನೂನಿನಿಂದ ವಿನಾಯಿತಿ ಪಡೆದ ನಮ್ಮ ಸಂಸ್ಥೆಗಳು ಮನಸ್ಸಾಕ್ಷಿಯಿಂದಲೂ ವಿನಾಯಿತಿ ಪಡೆದಿವೆಯೇ? ಬಡವನ ಮಗುವಿಗೆ ಅಲ್ಲಿ ಎಷ್ಟು ಸ್ಥಾನಗಳಿವೆ ಎಂದು ಕೇಳುವ ಹಕ್ಕು ಸಮುದಾಯಕ್ಕಿದೆ.

ಎಲ್ಲಕ್ಕಿಂತ ಕಹಿಯಾದ ಮಾತು ಕೊನೆಯದು. ಸಾಲ ಮಾಡಿಯಾದರೂ ಮಗನನ್ನು ಖಾಸಗಿ ಶಾಲೆಗೆ ಸೇರಿಸುತ್ತೇವೆ. ಮಗಳ ಸರದಿ ಬಂದಾಗ ಕೈ ಖಾಲಿ ಎನ್ನುತ್ತೇವೆ. ಸರಕಾರಿ ಶಾಲೆ ಕೀಳೆಂದು ನಾವು ಹೇಳುತ್ತಿಲ್ಲ. ಕೀಳೆಂದು ನೀವು ಬಗೆದಿರುವುದನ್ನು ಮಗಳಿಗೇಕೆ ಕೊಡುತ್ತೀರಿ ಎಂಬುದಷ್ಟೇ ನಮ್ಮ ಪ್ರಶ್ನೆ.

ಆದುದರಿಂದ ಪ್ರವೇಶದ ಅರ್ಜಿ ತುಂಬುವ ಮೊದಲು ಗಂಡ ಹೆಂಡತಿ ಒಟ್ಟಿಗೆ ಕುಳಿತು ಎಲ್ಲ ಮಕ್ಕಳ ಹೆಸರುಗಳನ್ನು ಒಂದೇ ಹಾಳೆಯಲ್ಲಿ ಬರೆಯಿರಿ. ಹತ್ತನೇ ತರಗತಿಯವರೆಗಿನ ಶುಲ್ಕ, ಪುಸ್ತಕ, ವಾಹನ ಖರ್ಚನ್ನು ಕೂಡಿಸಿರಿ. ಎಲ್ಲರಿಗೂ ಭರಿಸಲಾಗುವ ಶಾಲೆಯೇ ನಿಮ್ಮ ಮನೆಗೆ ತಕ್ಕ ಶಾಲೆ. ಅದು ಸರಕಾರಿ ಶಾಲೆಯಾದರೆ ನಾಚಿಕೆ ಬೇಡ; ಅದರ ಮೇಲುಸ್ತುವಾರಿ ಸಮಿತಿಯಲ್ಲಿ ಪೋಷಕರಿಗೆ ಸ್ಥಾನವಿದೆ, ಹೋಗಿ ಕುಳಿತುಕೊಳ್ಳಿರಿ, ಪ್ರಶ್ನಿಸಿರಿ. ಒಂದೇ ಮನೆಯಲ್ಲಿ ಎರಡು ತಕ್ಕಡಿಗಳಿರುವವರೆಗೆ ಸಮುದಾಯದ ಸುಧಾರಣೆಯ ಮಾತು ಬರಿಯ ಮಾತಾಗಿಯೇ ಉಳಿದೀತು.