ವಿಡಿಯೋಗೆ ಕತ್ತರಿ ಹಾಕುವ ಮೊದಲ ಪಾಠ
(ಕೃಷ್ಣರಾಜಪುರದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕೃಷ್ಣರಾಜಪುರದ ಸುತ್ತ ಹೊಲಗಳು ಕಡಮೆಯಾಗಿ ಮನೆಗಳು ಹೆಚ್ಚಿವೆ. ಆದರೂ ಬೇಸಾಯ ಬಿಡದವರು ಇದ್ದೀರಿ. ತಮ್ಮ ಮನೆಗಳಲ್ಲಿ ಈಗ ಕುಡುಗೋಲಿನ ಜೊತೆಗೆ ಮೊಬೈಲ್ ಫೋನೂ ಇದೆ. ಅದರಲ್ಲಿ ತೆಗೆದ ವಿಡಿಯೋವನ್ನು ಕತ್ತರಿಸಿ ಒಪ್ಪವಾಗಿ ಜೋಡಿಸುವುದಕ್ಕೆ ಎಡಿಟಿಂಗ್ ಎನ್ನುತ್ತಾರೆ. ಅದರ ವಿಷಯವಾಗಿ ಈ ದಿನ ನಾಲ್ಕು ಮಾತು ಹೇಳುತ್ತೇನೆ.

ಇದು ನಮಗೇಕೆ ಎಂದು ತಾವು ಕೇಳಬಹುದು. 1975-76ರಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟೆಲಿವಿಷನ್ನಿನಲ್ಲಿ ಬೇಸಾಯದ ಪಾಠ ಬಂದಿತು. ಆಗ ಹೇಳುವವರು ದೂರದಲ್ಲಿದ್ದರು, ನೋಡುವವರು ಹಳ್ಳಿಯಲ್ಲಿದ್ದರು. 2006ರಲ್ಲಿ ನಮ್ಮ ಬೆಂಗಳೂರಿನಲ್ಲೇ ಆರಂಭವಾದ ಡಿಜಿಟಲ್ ಗ್ರೀನ್ ಯೋಜನೆ ಈ ಕ್ರಮವನ್ನು ಬದಲಿಸಿತು. ಸುತ್ತಲಿನ ರೈತರೇ ಮಾಡಿ ತೋರಿಸಿದ್ದನ್ನು ಚಿತ್ರ ತೆಗೆದು, ಹಳ್ಳಿಯವರ ಮುಂದೆ ತೋರಿಸಿದರು. ತಮ್ಮಂಥವನೇ ಒಬ್ಬ ಮಾಡಿದ್ದನ್ನು ಕಂಡರೆ ರೈತನಿಗೆ ನಂಬಿಕೆ ಹುಟ್ಟುತ್ತದೆ. ಆ ನಂಬಿಕೆಯನ್ನು ಉಳಿಸುವುದೂ ಕೆಡಿಸುವುದೂ ಕತ್ತರಿ ಹಾಕುವವನ ಕೈಯಲ್ಲಿದೆ.

ಒಂದು ಉದಾಹರಣೆ ನೋಡೋಣ. ತರಕಾರಿಯ ಹುಳುವಿಗೆ ಬೇವಿನ ಕಷಾಯ ಮಾಡುವುದನ್ನು ತೋರಿಸಬೇಕಾಗಿದೆ. ಬೇವಿನ ಬೀಜದ ತಿರುಳು 5 ಕಿಲೋ ಕುಟ್ಟಿ, 10 ಲೀಟರ್ ನೀರಿನಲ್ಲಿ ಒಂದು ರಾತ್ರಿ ನೆನೆಯಿಡಬೇಕು. ಬೆಳಗ್ಗೆ ಬಟ್ಟೆಯಲ್ಲಿ ಸೋಸಿ, ಒಟ್ಟು 100 ಲೀಟರ್ ಆಗುವಷ್ಟು ನೀರು ಬೆರೆಸಬೇಕು. ಸ್ವಲ್ಪ ಸೋಪು ಕದಡಿ ಸಂಜೆಯ ಹೊತ್ತು ಸಿಂಪಡಿಸಬೇಕು.

ಚಿತ್ರ ತೆಗೆಯುವಾಗ ಫೋನನ್ನು ಅಡ್ಡಲಾಗಿ, ಅಲುಗಾಡದಂತೆ ಹಿಡಿಯಿರಿ. ಒಂದೊಂದು ಕೆಲಸವನ್ನೂ ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಹತ್ತು ಎಣಿಸುವಷ್ಟು ಹೊತ್ತು ತೆಗೆಯಿರಿ. ಗಾಳಿಯ ಸದ್ದಿಗೆ ಮಾತು ಮುಳುಗದಂತೆ, ಮಾತನಾಡುವವರ ಬಳಿಯೇ ನಿಲ್ಲಿರಿ.

ಇನ್ನು ಜೋಡಣೆ. ಮೊದಲು ಮೂಲ ಚಿತ್ರಗಳ ಒಂದು ಪ್ರತಿಯನ್ನು ಬೇರೆಯಾಗಿ ಇಟ್ಟುಕೊಳ್ಳಿ; ಬಿತ್ತನೆ ಬೀಜವನ್ನು ಯಾರೂ ಅಟ್ಟು ಉಣ್ಣುವುದಿಲ್ಲ. ಬಳಿಕ ಎಡಿಟಿಂಗ್ ಆ್ಯಪ್ ತೆರೆದು ತುಣುಕುಗಳನ್ನು ಕೆಲಸ ನಡೆದ ಕ್ರಮದಲ್ಲೇ ಸಾಲಾಗಿ ಇಡಿ. ಈ ಸಾಲಿಗೆ ಟೈಮ್‌ಲೈನ್ ಎಂದು ಹೆಸರು. ತುಣುಕಿನ ಮೊದಲಲ್ಲೂ ಕೊನೆಯಲ್ಲೂ ಇರುವ ಬೇಡದ ಭಾಗವನ್ನು ತೆಗೆಯುವುದು ಟ್ರಿಮ್. ನಡುವೆ ತುಂಡು ಮಾಡುವುದು ಸ್ಪ್ಲಿಟ್. ಇವೆರಡನ್ನು ಕಲಿತರೆ ಅರ್ಧ ವಿದ್ಯೆ ಬಂದಂತೆ. ಆಮೇಲೆ ಮಾತು ಸರಿಯಾಗಿ ಕೇಳುವಂತೆ ಮಾಡಿ, ದೊಡ್ಡ ಅಕ್ಷರದಲ್ಲಿ ಬರಹ ಸೇರಿಸಿ. ಹಾಡು ಹಾಕುವುದಾದರೆ ಮಾತಿಗಿಂತ ಮೆಲ್ಲಗಿರಲಿ.

ಈಗ ಮುಖ್ಯವಾದ ಮಾತು. ತಿರುಳು ನೆನೆಯುವ ರಾತ್ರಿಯನ್ನೆಲ್ಲ ಯಾರೂ ಕುಳಿತು ನೋಡುವುದಿಲ್ಲ, ಅದನ್ನು ಕತ್ತರಿಸಲೇಬೇಕು. ಆದರೆ ನೆನೆಯಿಟ್ಟ ಚಿತ್ರದ ಹಿಂದೆಯೇ ಸೋಸುವ ಚಿತ್ರ ಬಂದರೆ, ನೋಡಿದವನು ಕೂಡಲೇ ಸೋಸಿಬಿಡುತ್ತಾನೆ. ಕಷಾಯದಲ್ಲಿ ಸತ್ವವಿಲ್ಲದೆ ಹುಳು ಗಿಡದಲ್ಲೇ ಉಳಿಯುತ್ತದೆ. ನೀರು ಬೆರೆಸುವ ಭಾಗ ಕತ್ತರಿಗೆ ಸಿಕ್ಕಿತೋ, ಕಷಾಯ ಅತಿ ಖಾರವಾಗಿ ಎಲೆ ಸುಡಬಹುದು. ಇಬ್ಬರೂ ಬೇವನ್ನು ಬೈಯುತ್ತಾರೆ. ತಪ್ಪು ಬೇವಿನದಲ್ಲ, ಕತ್ತರಿಯದು.

ಆದ್ದರಿಂದ ಬೇಸರ ತರುವ ಹೊತ್ತನ್ನು ಕತ್ತರಿಸಿರಿ. ಅಳತೆಯನ್ನು ಮಾತ್ರ ಕತ್ತರಿಸಬೇಡಿರಿ. ಕತ್ತರಿಸಿದ ರಾತ್ರಿಯನ್ನು ‘ಒಂದು ರಾತ್ರಿ ನೆನೆಯಲಿ’ ಎಂಬ ಬರಹದಿಂದ ಮರಳಿ ಕೊಡಿರಿ. ಬೆಳೆ ಚೆನ್ನಾಗಿ ಬಂದ ಸಾಲನ್ನು ತೋರಿಸಿದಂತೆ, ಬಾರದ ಸಾಲನ್ನೂ ತೋರಿಸಿರಿ.

ಹಂಚುವ ಮುನ್ನ ಈ ಕೆಲಸ ತಿಳಿಯದ ಒಬ್ಬರಿಗೆ ವಿಡಿಯೋ ತೋರಿಸಿ, ‘ಈಗ ನೀವು ಹೇಗೆ ಮಾಡುತ್ತೀರಿ?’ ಎಂದು ಕೇಳಿರಿ. ಅವರು ಎಡವಿದ ಜಾಗದಲ್ಲಿ ಮತ್ತೆ ತಿದ್ದಿರಿ. ರೈತ ಸಂಪರ್ಕ ಕೇಂದ್ರದವರಿಗೂ ಒಮ್ಮೆ ತೋರಿಸಿ ಅಳತೆ ಸರಿಯೇ ಎಂದು ಕೇಳಿಕೊಳ್ಳಿರಿ.

ಈ ವಾರ ತಮ್ಮ ಹೊಲದ ಒಂದೇ ಒಂದು ಕೆಲಸವನ್ನು ಎರಡು ನಿಮಿಷದ ವಿಡಿಯೋ ಮಾಡಿ ನೋಡಿರಿ.