ಎಣ್ಣೆಗೆ ತಕ್ಕ ದೀಪ



ಇದು ದತ್ತಿ ಉಪನ್ಯಾಸ. ದತ್ತಿ ಎಂದಾಗ ನನಗೆ ಮೊದಲು ನೆನಪಾಗುವುದು ಎಣ್ಣೆ. ನಮ್ಮ ಹಳೆಯ ಶಾಸನಗಳಲ್ಲಿ ನಂದಾದೀವಿಗೆಗೆ ಬಿಟ್ಟ ದತ್ತಿಗಳು ಎಷ್ಟೊಂದು! ಒಬ್ಬ ಗದ್ದೆ ಬಿಡುತ್ತಾನೆ. ಇನ್ನೊಬ್ಬ ಹೊನ್ನು ಕೊಟ್ಟು, ಅದರ ಬಡ್ಡಿಯಲ್ಲಿ ದೀಪ ನಡೆಸಿ ಎನ್ನುತ್ತಾನೆ. ಗಾಣದವರು ಗಾಣಕ್ಕೆ ಇಷ್ಟು ಸೊಲಿಗೆ ಎಣ್ಣೆ ಎಂದು ಒಪ್ಪಿಕೊಳ್ಳುತ್ತಾರೆ. ದೀಪದ ಕಂಬ ಎಷ್ಟು ತೂಕ, ಅದರ ಮೇಲೆ ಹಂಸವಿತ್ತೋ ನವಿಲಿತ್ತೋ ಎಂಬ ಮಾತು ನಾನು ಓದಿದಷ್ಟರಲ್ಲಿ ಕಡಿಮೆ. ಅದು ಆರದೆ ಉರಿಯಲು ಏನೇನು ಬೇಕು ಎಂಬ ಲೆಕ್ಕವೇ ಹೆಚ್ಚು. ಹಳೆಯ ದೀಪಗಳನ್ನು ಕೊಳ್ಳುವ, ಬೆಳಗುವ, ನಕಲು ಮಾಡಿಸುವ ಗಡಿಬಿಡಿಯಲ್ಲಿ ಈ ಲೆಕ್ಕ ನಮ್ಮ ಕೈಯಿಂದ ಜಾರಿದೆ ಎಂಬುದೇ ಇವತ್ತಿನ ನನ್ನ ತಕರಾರು.

ನಾನು ವಿದ್ವಾಂಸನಲ್ಲ. ವಿದ್ಯುತ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ನೋಡಿಕೊಂಡು ನಿವೃತ್ತನಾದವನು. ಊರೂರಿಗೆ ಕರೆಂಟು ಕೊಟ್ಟು ಲಾಟೀನು ಓಡಿಸಿದವರು ಈಗ ಲಾಟೀನು ಹುಡುಕಿಕೊಂಡು ಗುಜರಿ ಅಂಗಡಿ ಸುತ್ತುತ್ತಾರೆ ಎಂದು ನನ್ನ ಹೆಂಡತಿ ನಗುತ್ತಾಳೆ. ಹಳೆಯ ದೀಪ ರಿಪೇರಿ ಮಾಡುವ ಈ ಚಟ ಶುರುವಾದದ್ದು ಒಂದು ದೀಪವನ್ನು ಹಾಳು ಮಾಡುವುದರಿಂದ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಊರಿನ ಮನೆ ಕೆಡವುವಾಗ ಅಟ್ಟದಿಂದ ಅಜ್ಜಿಯ ಕಾಲದ ಹಿತ್ತಾಳೆಯ ತೂಗುದೀಪ ಸಿಕ್ಕಿತು. ಐದು ಮೂತಿ, ಮೇಲೆ ಸರಪಳಿ, ಕೊಂಡಿಯಲ್ಲಿ ಒಂದು ಗಿಣಿ. ಮೈಯೆಲ್ಲ ಕರ್ರಗೆ ಕಿಟ್ಟ ಕಟ್ಟಿತ್ತು. ಬಚ್ಚಲು ತೊಳೆಯುವ ಆಸಿಡ್ಡನ್ನು ನೀರಿಗೆ ಬೆರೆಸಿ, ರಾತ್ರಿಯಿಡೀ ಅದರಲ್ಲಿ ನೆನೆಹಾಕಿದೆ. ಬೆಳಿಗ್ಗೆ ತೆಗೆದರೆ ಕಿಟ್ಟವೇನೋ ಹೋಗಿತ್ತು, ಆದರೆ ದೀಪ ಹಿತ್ತಾಳೆಯ ಹಳದಿಗೆ ಬಂದಿರಲಿಲ್ಲ. ಸುಟ್ಟ ಚರ್ಮ ಸುಲಿದ ಹಾಗೆ ಅಲ್ಲಲ್ಲಿ ಗುಲಾಬಿ ಬಣ್ಣದ ಮಚ್ಚೆ. ಮೈಸೂರಿನಲ್ಲಿ ಪರಿಚಯದ ಹಿರಿಯ ಕಂಚುಗಾರರೊಬ್ಬರ ಹತ್ತಿರ ಹಿಡಿದುಕೊಂಡು ಹೋದೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

‘ಏನ್ ಸ್ವಾಮಿ, ಆಸಿಡ್ ಹಾಕ್ಬಿಟ್ರಾ?’

‘ಹೂಂ.’

‘ಸತುವೆಲ್ಲ ತಿಂದ್ಕೊಂಡು ಹೋಗಿದೆ. ತಾಮ್ರ ಮಾತ್ರ ಉಳ್ಕೊಂಡು ನಿಮ್ಮನ್ನೇ ನೋಡ್ತಾ ಇದೆ ನೋಡಿ.’

ಹಿತ್ತಾಳೆ ಎಂದರೆ ತಾಮ್ರ, ಸತುವುಗಳ ಬೆರಕೆ. ಆಮ್ಲಕ್ಕೆ ಸತುವು ಬೇಗ ಬಲಿಯಾಗುತ್ತದೆ. ಮೇಲ್ಮೈಯಲ್ಲಿ ಉಳಿಯುವುದು ತಾಮ್ರದ ಕೆಂಪು. ಹುಣಸೆಹಣ್ಣಿಗೂ ಇದೇ ಗುಣ ಅಷ್ಟಿಷ್ಟು ಉಂಟು. ಆದರೆ ನಮ್ಮ ಹೆಂಗಸರು ಹುಣಸೆಹುಳಿ ಹಚ್ಚಿ, ತಿಕ್ಕಿ, ಆ ಗಳಿಗೆಯಲ್ಲೇ ತೊಳೆದು ಒರೆಸಿಡುತ್ತಿದ್ದರು. ರಾತ್ರಿಯಿಡೀ ನೆನೆಹಾಕುವ ಸೋಮಾರಿತನ ಅವರಿಗಿರಲಿಲ್ಲ.

ಮಚ್ಚೆಯನ್ನು ಮತ್ತೆ ಉಜ್ಜಿ ಒಂದು ಮಟ್ಟಕ್ಕೆ ತಂದೆವು. ವಾಪಸು ಬಾರದೆ ಹೋದದ್ದು ಇನ್ನೊಂದಿದೆ. ಆ ಐದು ಮೂತಿಗಳಲ್ಲಿ ಒಂದರ ಮೇಲೆ ಮಾತ್ರ ಮಸಿ ದಪ್ಪವಾಗಿತ್ತು. ಉಳಿದ ನಾಲ್ಕರ ಮೇಲೆ ತೆಳುವಾದ ಜಿಡ್ಡು. ಅಂದರೆ ದಿನವೂ ಹಚ್ಚುತ್ತಿದ್ದುದು ಒಂದೇ ಬತ್ತಿ. ಐದೂ ಉರಿಯುತ್ತಿದ್ದುದು ಹಬ್ಬಕ್ಕೆ, ಬಾಣಂತನಕ್ಕೆ, ಯಾರಾದರೂ ದೊಡ್ಡವರು ಮನೆಗೆ ಬಂದಾಗ. ಅಜ್ಜಿಯ ಮನೆಯ ಎಣ್ಣೆಯ ಖರ್ಚು ಆ ಮಸಿಯಲ್ಲಿ ಬರೆದಿತ್ತು. ಅದನ್ನು ನಾನು ಬಕೆಟ್ಟಿನಲ್ಲಿ ತೊಳೆದು ಮೋರಿಗೆ ಚೆಲ್ಲಿದೆ. ಇವತ್ತು ಯಾರಾದರೂ ಹಳೆಯ ದೀಪ ತಂದರೆ ಮೊದಲು ಬಿಸಿನೀರು, ಸೀಗೆಪುಡಿ, ಮೆತ್ತನೆಯ ಬಟ್ಟೆ. ಅಷ್ಟಕ್ಕೆ ಬಿಡದ ಕಿಟ್ಟವನ್ನು ಮುಟ್ಟುವ ಮುಂಚೆ ಫೋಟೊ ತೆಗೆದು, ಎರಡು ದಿನ ಸುಮ್ಮನಿರುತ್ತೇನೆ.

ದೀಪದ ಆಕಾರ ಎಲ್ಲಿಂದ ಬಂತು? ಕಲಾವಿದನ ಕಲ್ಪನೆಯಿಂದ ಎಂದು ಪುಸ್ತಕಗಳು ಹೇಳುತ್ತವೆ. ಅರ್ಧ ನಿಜ. ಇನ್ನರ್ಧ ಬಂದದ್ದು ಎಣ್ಣೆಯಿಂದ. ಹರಳೆಣ್ಣೆ, ಹೊಂಗೆಎಣ್ಣೆ, ಇಪ್ಪೆಎಣ್ಣೆ ಎಲ್ಲವೂ ಮಂದ. ಬತ್ತಿಯ ಎಳೆಗಳ ಮೂಲಕ ಅವು ಹೆಚ್ಚು ಎತ್ತರ ಏರಲಾರವು. ಬೆಂಕಿಯ ತುದಿ ಎಣ್ಣೆಯ ಹತ್ತಿರವೇ ಇರಬೇಕು. ಹಾಗಾಗಿ ಹಣತೆಯಿಂದ ಹಿಡಿದು ದೇವಸ್ಥಾನದ ಕಾಲುದೀಪದವರೆಗೆ ಎಲ್ಲಕ್ಕೂ ಅಗಲವಾದ ತಟ್ಟೆ, ಅಂಚಿನಲ್ಲಿ ಮೂತಿ. ಎಣ್ಣೆ ಇಳಿದಂತೆಲ್ಲ ಬೆಳಕು ಕುಗ್ಗುತ್ತದೆ, ಯಾರಾದರೂ ಬಂದು ಎಣ್ಣೆ ಹೊಯ್ದು ಬತ್ತಿ ಮುಂದೂಡಬೇಕು.

ಯುರೋಪಿನವರಿಗೂ ಇದೇ ತಲೆನೋವಿತ್ತು. 1780ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಏಮೆ ಆರ್ಗಾಂಡ್ ಬತ್ತಿಯನ್ನು ಕೊಳವೆಯಾಗಿ ಮಾಡಿ, ಒಳಗೂ ಹೊರಗೂ ಗಾಳಿಯಾಡುವಂತೆ ಕೂರಿಸಿದ. ಅದರ ಮೇಲೆ ಗಾಜಿನ ಚಿಮಣಿ ಬಂದಾಗ ಬೆಳಕು ಹಲವು ಮೇಣದಬತ್ತಿಗಳ ಸಮಕ್ಕೆ ಏರಿತು. ಆದರೂ ಎಣ್ಣೆ ಮಂದವೇ ಅಲ್ಲವೆ? ಎಣ್ಣೆಯ ಡಬ್ಬಿಯನ್ನು ಜ್ವಾಲೆಯ ಪಕ್ಕದಲ್ಲೇ ಮೇಲೆ ಇಡಬೇಕಾಯಿತು, ಅದರ ನೆರಳು ಮೇಜಿನ ಮೇಲೆ ಬಿತ್ತು. ಆ ನೆರಳನ್ನು ಕಳೆಯಲು ಮುಂದಿನ ಅರ್ಧ ಶತಮಾನ ಡಬ್ಬಿಯನ್ನು ಬಳೆಯ ಹಾಗೆ ಬಗ್ಗಿಸಿದರು, ಗಡಿಯಾರದ ಯಂತ್ರ ಇಟ್ಟು ಕೆಳಗಿನಿಂದ ಎಣ್ಣೆ ಪಂಪು ಮಾಡಿದರು. ಇವತ್ತು ಹರಾಜು ಮನೆಗಳಲ್ಲಿ ‘ಶೈಲಿ’ ಎಂದು ಹೊಗಳಿಸಿಕೊಳ್ಳುವ ಎಷ್ಟೋ ಆಕಾರಗಳು ಈ ನೆರಳಿನೊಡನೆ ನಡೆದ ಜಗಳದ ಗುರುತು. 1850ರ ದಶಕದಲ್ಲಿ ಸೀಮೆಎಣ್ಣೆ ಬಂತು. ಅದು ತೆಳು, ಬತ್ತಿಯಲ್ಲಿ ಗೇಣುದ್ದ ಬೇಕಾದರೂ ಏರುತ್ತದೆ. ಜಗಳ ಮುಗಿಯಿತು. ಎಣ್ಣೆ ಕೆಳಗೆ ಬುಡ್ಡಿಯಲ್ಲಿ ಕೂತಿತು, ಜ್ವಾಲೆ ಮೇಲೆ ನಿಂತಿತು.

ಸೀಮೆಎಣ್ಣೆ ದೀಪದ ಪಾಠ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ. ಸಂಜೆ ಲಾಟೀನಿನ ಚಿಮಣಿ ಒರೆಸುವ ಕೆಲಸ ಮನೆಯ ಸಣ್ಣ ಮಕ್ಕಳದ್ದು, ಯಾಕೆಂದರೆ ದೊಡ್ಡವರ ಕೈ ಒಳಗೆ ಹೋಗುವುದಿಲ್ಲ. ಸೋಸಿದ ಬೂದಿ, ಹಳೆಯ ಪಂಚೆಯ ತುಂಡು. ಬತ್ತಿ ಕತ್ತರಿಸುವುದು ಮಾತ್ರ ಅಜ್ಜಿಯೇ. ನೇರ ಕತ್ತರಿಸಿ, ಕೊನೆಗೆ ಎರಡು ಮೂಲೆಗಳನ್ನು ಒಂದು ಚೂರು ಚಿವುಟುತ್ತಿದ್ದಳು. ಮೂಲೆ ಬಿಟ್ಟರೆ ಜ್ವಾಲೆಗೆ ಎರಡು ಕೊಂಬು ಮೂಡುತ್ತದೆ, ಒಂದು ಗಂಟೆಯೊಳಗೆ ಗಾಜು ಕಪ್ಪು. ಈಗ ಹೊಸದಾಗಿ ಹಳೆಯ ಲ್ಯಾಂಪು ಕೊಂಡವರು ಫೋನ್ ಮಾಡಿ ‘ಸಾರ್, ಹೊಗೆ ಕಾರುತ್ತೆ, ಬರ್ನರ್ ಬದಲಾಯಿಸಬೇಕಾ?’ ಎಂದು ಕೇಳಿದರೆ, ಮೊದಲು ಕತ್ತರಿ ತಗೊಳ್ಳಿ ಎನ್ನುತ್ತೇನೆ. ಹತ್ತರಲ್ಲಿ ಏಳು ದೀಪ ಅಲ್ಲಿಗೇ ರಿಪೇರಿ.

ಇನ್ನು ಗೊಂಚಲುದೀಪ, ಝೂಮರ್. ಇದರ ಹಿಂದೆ ಒಂದು ಗಾಜಿನ ಕಥೆ ಇದೆ. 1674ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಸ್ಫಟಿಕದಂಥ ಗಾಜಿಗೆ ಪೇಟೆಂಟ್ ಪಡೆದ. ಕೆಲವೇ ವರ್ಷಗಳಲ್ಲಿ ಅದಕ್ಕೆ ಸೀಸ ಬೆರೆಸಿದ. ಆ ಗಾಜು ಭಾರ, ಮೆದು, ಸಾಣೆ ಹಿಡಿಯಲು ಹದ. ಬೆಳಕನ್ನು ಮಾಮೂಲಿ ಗಾಜಿಗಿಂತ ಹೆಚ್ಚು ಬಗ್ಗಿಸಿ ಬಣ್ಣ ಒಡೆಯುತ್ತದೆ. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ ಇದರಲ್ಲಿ 27 ಅಡಿ ಎತ್ತರದ, ನಾಲ್ಕು ಟನ್ ತೂಕದ ಕಾರಂಜಿ ಮಾಡಿ 1851ರ ಲಂಡನ್ ಮಹಾಪ್ರದರ್ಶನದ ನಟ್ಟನಡುವೆ ನಿಲ್ಲಿಸಿತು. ಅದೇ ಕಂಪನಿ ಕಲ್ಕತ್ತೆಯಲ್ಲಿ ಮಳಿಗೆ ತೆರೆದು ನಮ್ಮ ರಾಜಮಹಾರಾಜರಿಗೆ ಝೂಮರ್ ಮಾರಿತು. ನಾವು ಎಲ್ಲವನ್ನೂ ಒಟ್ಟಿಗೆ ‘ಬೆಲ್ಜಿಯಂ ಗಾಜು’ ಎಂದುಬಿಡುತ್ತೇವೆ, ಅದು ಬೇರೆ ಮಾತು.

ಒಂದು ಹಳೆಯ ಬಂಗಲೆಯ ಇಪ್ಪತ್ತನಾಲ್ಕು ಕೈಗಳ ಝೂಮರ್ ಬಿಚ್ಚುವ ಕೆಲಸ ಒಮ್ಮೆ ನನಗೆ ಬಂತು. ಲೋಲಕ ಒಂದೊಂದಕ್ಕೂ ನಂಬರ್ ಚೀಟಿ. ಬೆರಳಾಡಿಸಿದರೆ ಗೊತ್ತಾಗುತ್ತದೆ: ಸಾಣೆ ಹಿಡಿದ ಹಳೆಯ ಲೋಲಕದ ಅಂಚು ಉಗುರಿಗೆ ಸಿಗುವಷ್ಟು ಚೂಪು, ಅಚ್ಚಿನಲ್ಲಿ ಒತ್ತಿದ ಬದಲಿ ಲೋಲಕದ ಅಂಚು ಬಾಯಲ್ಲಿಟ್ಟು ಚೀಪಿದ ಪೆಪ್ಪರ್‌ಮಿಂಟಿನ ಹಾಗೆ ದುಂಡು. ಮಧ್ಯದಲ್ಲಿ ಯಾರೋ ಕರೆಂಟು ಎಳೆಯಲೆಂದು ಆರು ಗಾಜಿನ ಕೈಗಳಿಗೆ ತೂತು ಕೊರೆದಿದ್ದರು. ಎರಡು ಸೀಳಿದ್ದವು. ಒಳಗಿನ ತಂತಿಯ ರಬ್ಬರು ಹಳೆಯ ಹಪ್ಪಳದಂತೆ ಮುಟ್ಟಿದರೆ ಪುಡಿ. ಸ್ಪ್ರೇ ಹೊಡೆದು ಒರೆಸಿ ಒರೆಸಿ, ಲೋಲಕ ಪೋಣಿಸಿದ ಹಿತ್ತಾಳೆ ಪಿನ್ನುಗಳು ಹಸಿರು ಹಿಡಿದು ಸವೆದಿದ್ದವು. ಲೋಲಕ ಉದುರುವುದು ಸಾಮಾನ್ಯವಾಗಿ ಹೀಗೆ, ಭೂಕಂಪದಿಂದಲ್ಲ.

ರಿಪೇರಿ ಮುಗಿಯಿತು. ತಂತಿಯನ್ನು ಗಾಜಿನೊಳಗೆ ತೂರಿಸದೆ ಹೊರಗಿನಿಂದ ತಂದು ಮೇಣದಬತ್ತಿಯ ಬಟ್ಟಲಿನಲ್ಲಿ ಸಣ್ಣ ಹೋಲ್ಡರ್ ಕೂರಿಸಿದೆ. ನಾಳೆ ಬೇಡವೆಂದರೆ ಗುರುತಿಲ್ಲದೆ ತೆಗೆಯಬಹುದು. ಮಾಲೀಕರು ಬಂದು ಎಲ್ಲ ಇಪ್ಪತ್ತನಾಲ್ಕಕ್ಕೂ ಬಿಳಿಯ ಎಲ್‌ಇಡಿ ಹಾಕಿಸಿದರು. ಲೆಕ್ಕ ಹಾಕಿ ನೋಡಿ. ಒಂದು ಮೇಣದಬತ್ತಿ ಕೊಡುವುದು ಸುಮಾರು 12 ಲ್ಯೂಮೆನ್. ಇಪ್ಪತ್ತನಾಲ್ಕು ಸೇರಿದರೆ 300ರ ಆಸುಪಾಸು. ಇವತ್ತಿನ ಒಂದೇ ಒಂದು 9 ವಾಟಿನ ಬಲ್ಬು ಅದರ ಮೂರು ಪಟ್ಟು ಕೊಡುತ್ತದೆ. ಅವರು ಹಾಕಿಸಿದ್ದು ತಲಾ 400 ಲ್ಯೂಮೆನ್ನಿನ ಬಲ್ಬು, ಒಟ್ಟು 9,600. ಮೂವತ್ತು ಪಟ್ಟಿಗೂ ಹೆಚ್ಚು! ಬಣ್ಣವೂ ಅಷ್ಟೆ: ಮೇಣದಬತ್ತಿ 1,900 ಕೆಲ್ವಿನ್ನಿನ ಕೆಂಪುಹಳದಿ, ಈ ಬಲ್ಬು 6,500ರ ಆಸ್ಪತ್ರೆ ಬಿಳಿ. ಲೋಲಕ ಮಿನುಗಬೇಕಾದರೆ ಬೆಂಕಿ ಪುಟ್ಟದಾಗಿರಬೇಕು, ಅಲುಗುತ್ತಿರಬೇಕು, ಸುತ್ತ ಒಂದಿಷ್ಟು ಕತ್ತಲೆ ಇರಬೇಕು. ಹಾಲುಬಣ್ಣದ ಗುಂಡಿನ ಸುತ್ತ ಅದು ಬರೀ ಗಾಜು. ‘ಸ್ವಲ್ಪ ತಗ್ಗಿಸಿ’ ಎಂದೆ. ‘ಇಷ್ಟು ದುಡ್ಡು ಸುರಿದ ಮೇಲೆ ಮಂಕಾಗಿ ಇಡೋದಾ?’ ಎಂದರು. ಬಿಲ್ಲು ಕೊಟ್ಟು ಬಂದೆ.

ವಿದ್ಯುತ್ತನ್ನು ನಾನು ಬೈಯುವಂತಿಲ್ಲ, ಅನ್ನ ಕೊಟ್ಟದ್ದು ಅದೇ. 1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ಬಂತು. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿ, ಹೆನ್ರಿ ಇರ್ವಿನ್ ನಕ್ಷೆಯ ಹೊಸ ಅರಮನೆ 1912ರಲ್ಲಿ ಮುಗಿಯಿತು. ಅದರ ಮೈಮೇಲಿನ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರ ನೀವೆಲ್ಲ ನೋಡಿದ್ದೀರಿ. ನನ್ನ ಕಣ್ಣಿಗೆ ಅದು ಹಳೆಯ ಬೆಳಕಿನ ಅತ್ಯುತ್ತಮ ನಕಲು. ಬುರುಡೆಯ ಮೇಲೆ ಮುಚ್ಚಳವಿಲ್ಲ, ಹೂವಿಲ್ಲ, ಬಳ್ಳಿಯಿಲ್ಲ. ಗೋಡೆಯ ಅಂಚಿನ ಮೇಲೆ ಸಾಲಾಗಿ ಹಣತೆ ಇಟ್ಟಂತೆ ಕಮಾನು, ಗುಮ್ಮಟ, ಗೋಪುರಗಳ ಗೆರೆ ಎಳೆದಿದ್ದಾರೆ. ದೀಪದ ಆಕಾರ ಯಾರೂ ಕದ್ದಿಲ್ಲ, ಸಾಲುದೀಪದ ಹಬ್ಬವನ್ನು ಕದ್ದಿದ್ದಾರೆ.

ನಕಲು ಎಂದರೆ ಹೀಗಳೆಯುವುದು ಬೇಡ. ಕುಂಭಕೋಣದ ಹತ್ತಿರ ನಾಚಿಯಾರ್‌ಕೋವಿಲಿನಲ್ಲಿ ಇಂದಿಗೂ ಕುತ್ತುವಿಳಕ್ಕು ಎಂಬ ಕಾಲುದೀಪ ಎರೆಯುತ್ತಾರೆ. ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಪೀಠ, ಕಂಬ, ತಟ್ಟೆ, ಶಿಖೆ ಬೇರೆಬೇರೆ ಎರೆದು ತಿರುಪಿ ಕೂಡಿಸುತ್ತಾರೆ. ಅಚ್ಚಿಗೆ ಬಳಸುವುದು ಕಾವೇರಿ ತಂದು ಹಾಕಿದ ನುಣ್ಣನೆಯ ವಂಡಲ್ ಮಣ್ಣು. ನಮ್ಮ ಶಿವನಸಮುದ್ರದಲ್ಲಿ ಟರ್ಬೈನ್ ತಿರುಗಿಸಿದ ನೀರೇ ಅಲ್ಲಿ ದೀಪದ ಅಚ್ಚಿಗೆ ಮಣ್ಣು ಒದಗಿಸಿದೆ. ಅಲ್ಲಿನ ಹೊಸ ದೀಪ ನಕಲಲ್ಲ. ಕೆಲಸ ನಿಂತೇ ಇಲ್ಲವಲ್ಲ.

ಕಳ್ಳ ನಕಲು ಬೇರೆ. ಹಳೆಯ ದೀಪದಿಂದಲೇ ನೇರ ಅಚ್ಚು ತೆಗೆದು ಎರೆಯುವುದು, ಆಮೇಲೆ ಆಸಿಡ್ ಹೊಗೆ ಕೊಟ್ಟು ನೂರು ವರ್ಷ ಏರಿಸುವುದು. ಇದನ್ನು ಹಿಡಿಯಲು ಒಂದು ಅಳತೆಪಟ್ಟಿ ಸಾಕು. ಕರಗಿದ ಲೋಹ ಆರುವಾಗ ಕುಗ್ಗುತ್ತದೆ, ನೂರು ಮಿಲಿಮೀಟರಿಗೆ ಒಂದೂವರೆಯಷ್ಟು. ಹಾಗಾಗಿ ನಕಲು ಅಸಲಿಗಿಂತ ಒಂದು ಕೂದಲು ಗಿಡ್ಡ. ನಕಲಿನ ನಕಲು ಇನ್ನೂ ಗಿಡ್ಡ, ಗಿಣಿಯ ಕೊಕ್ಕು ಮೊಂಡು. ಸವೆತವನ್ನೂ ನೋಡಿ. ಕೈ ಮುಟ್ಟುವ ಕಡೆ ಸವೆದು, ಮುಟ್ಟದ ಕಡೆ ಮಸಿ ಉಳಿದಿದ್ದರೆ ಸರಿ. ಎಲ್ಲ ಕಡೆಯೂ ಒಂದೇ ಸಮ ಮುದಿಯಾದ ದೀಪ ಹೋದ ತಿಂಗಳು ಹುಟ್ಟಿದ್ದು.

ಬೆಂಗಳೂರಿನ ಕಾಫಿ ಅಂಗಡಿಗಳಲ್ಲಿ ತೂಗುವ ಕಂದು ಗಾಜಿನ, ಸುರುಳಿ ತಂತಿಯ ಬಲ್ಬುಗಳ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. ಎಡಿಸನ್ ಕಾಲದ ಇಂಗಾಲದ ತಂತುವಿನ ವೇಷ, ಒಳಗೆ ಎಲ್‌ಇಡಿ ಕಡ್ಡಿ. ನನಗೆ ಅವುಗಳ ಮೇಲೆ ಕೋಪವಿಲ್ಲ. ಹಳತು ಎಂದು ಸುಳ್ಳು ಹೇಳುತ್ತಿಲ್ಲ, ಬೆಳಕೂ ಹಿತ. ಮೆನು ಕಾರ್ಡು ಓದಲಾಗುವುದಿಲ್ಲ, ಅಷ್ಟೆ.

ಕೊನೆಯದಾಗಿ, ಕೆಲವು ವರ್ಷಗಳ ಹಿಂದೆ ಕರಾವಳಿಯಲ್ಲಿ ದೊಂದಿ ಬೆಳಕಿನ ಯಕ್ಷಗಾನ ನೋಡಿದೆ. ದೀವಟಿಗೆಯಲ್ಲಿ ನಡೆಯುತ್ತಿದ್ದ ಆಟ ಗ್ಯಾಸ್‌ಲೈಟಿಗೆ ಬಂದು, ಟ್ಯೂಬ್‌ಲೈಟಿಗೆ ಬಂದು, ಈಗ ಆಗೊಮ್ಮೆ ಈಗೊಮ್ಮೆ ಹಿಂದಕ್ಕೆ ಹೋಗುತ್ತಿದೆ. ಟ್ಯೂಬ್‌ಲೈಟಿನಲ್ಲಿ ಬಣ್ಣದ ವೇಷದ ಮುಖ ಗೋಡೆಗೆ ಬಳಿದ ಪೇಂಟಿನ ಹಾಗೆ ಕಂಡದ್ದು ನನಗೆ ನೆನಪಿತ್ತು. ಇಲ್ಲಿ ಎರಡೇ ದೊಂದಿ. ರಕ್ಕಸ ಬರುವಾಗ ದೊಂದಿ ಹಿಡಿದವನು ಅದಕ್ಕೆ ರಾಳದ ಪುಡಿ ಎರಚಿದ. ಬೆಂಕಿ ಭಗ್ಗೆಂದು ಎದ್ದು, ಕೆಂಪು ಬಣ್ಣದ ನಡುವಿನ ಬಿಳಿ ಚುಟ್ಟಿಗಳು ಒಂದೊಂದೂ ತನ್ನ ನೆರಳಿನೊಡನೆ ಮುಖದ ಮೇಲೆ ಅಲುಗಿದವು. ನನ್ನ ಪಕ್ಕದ ಹುಡುಗ ಅಪ್ಪನ ತೊಡೆಗೆ ಹತ್ತಿ ಕುಳಿತ. ಆ ಅಕ್ಕಿಹಿಟ್ಟಿನ ಮುಳ್ಳುಗಳನ್ನು ಯಾವ ಬೆಳಕಿಗಾಗಿ ಇಟ್ಟಿದ್ದರು ಎಂಬುದು ನನಗೂ ಅವತ್ತೇ ತಿಳಿದದ್ದು.

ಬೆಳಗಿನ ಜಾವ ಆಟ ಮುಗಿದ ಮೇಲೆ, ಹಳೆಯ ವಸ್ತು ಕಂಡರೆ ಬಿಡದ ನಾನು ವೇಷ ಕಟ್ಟುವ ಚೌಕಿಯ ಕಡೆ ಹೋದೆ. ದೊಂದಿಗಳು ಒಂದು ಮೂಲೆಯಲ್ಲಿ ಬಿದ್ದಿದ್ದವು. ಒಂದು ಕೋಲು, ತುದಿಗೆ ಸುತ್ತಿದ ಚಿಂದಿ ಬಟ್ಟೆ, ಇನ್ನೂ ಎಣ್ಣೆಯ ವಾಸನೆ. ‘ಇದನ್ನ ತಗೊಂಡು ಹೋಗಬಹುದಾ?’ ಎಂದು ಕೇಳಿದೆ. ಮೇಳದವರು ನಕ್ಕುಬಿಟ್ಟರು. ‘ನಾಳೆ ಬೇರೆ ಕಟ್ಟುದೇ ಮಾರಾಯ್ರೆ, ಕೊಂಡೋಗಿ.’