ಪಾಠ ಹೇಳಲು ಹೊರಟ ತಂಗಿಗೆ

(ಯಲಹಂಕದಲ್ಲಿ ಕನ್ನಡ ಯುವಕರ ಸಭೆಯಲ್ಲಿ ಆಡಿದ ಮಾತು)



ನಾನು ಭಾಷಣಕಾರನಲ್ಲ. ಯಶವಂತಪುರದಲ್ಲಿ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿ.ಯು.ಸಿ. ಮದುವೆ ಕಾಗದ, ಬಿಲ್ ಪುಸ್ತಕ, ನವೆಂಬರ್ ಬಂದರೆ ನಿಮ್ಮ ಕರಪತ್ರ, ಇಷ್ಟೇ ನನ್ನ ಸಾಹಿತ್ಯ. ಆದರೂ ಮೈಕು ಕೊಟ್ಟಿದ್ದೀರಿ, ಅನುಭವಿಸಿ.

ಹೋದ ವಾರ ನಿಮ್ಮಲ್ಲೇ ಒಬ್ಬ ತಂಗಿ ಪ್ರೆಸ್ಸಿಗೆ ಬಂದಿದ್ದಳು. ಶಿಕ್ಷಕಿಯಾಗಲು ಓದುತ್ತಿದ್ದಾಳೆ. ಹೊರದೇಶದ ಶಾಲೆಯೊಂದರಲ್ಲಿ ಆರು ತಿಂಗಳು ಮಕ್ಕಳಿಗೆ ಪಾಠ ಹೇಳಿ ಬರುವ ಅವಕಾಶ ಸಿಕ್ಕಿದೆ. ತಂದೆ ಬೇಡ ಅನ್ನುತ್ತಾರಂತೆ. ಹೆಬ್ಬಾಳದ ಮೇಲ್ಸೇತುವೆ ದಾಟಿ ವಿಮಾನ ಹತ್ತಿದ ಮಗಳು ಕನ್ನಡದವಳಾಗಿಯೇ ವಾಪಸ್ ಬರುತ್ತಾಳೆಯೇ ಎಂಬ ಭಯ ಅವರಿಗೆ. "ಅಣ್ಣಾ, ನೀವು ಚಳವಳಿಯವರು. ನೀವೂ ಬೇಡ ಅಂತೀರಾ?" ಎಂದು ಕೇಳಿದಳು. ಅಂದು ಉತ್ತರ ಹೇಳಲಿಲ್ಲ. ಇಂದು ಹೇಳುತ್ತೇನೆ.

1836ರಲ್ಲಿ ಜರ್ಮನಿಯಿಂದ 25 ವರ್ಷದ ಒಬ್ಬ ಹುಡುಗ ಮಂಗಳೂರಿಗೆ ಬಂದ. ಹೆಸರು ಹರ್ಮನ್ ಮೊಗ್ಲಿಂಗ್. ಟ್ಯೂಬಿಂಗನ್‌ನಲ್ಲಿ ಓದಿದವನು. ಬಾಸೆಲ್ ಮಿಷನ್ನಿನವನು, ಬಂದದ್ದು ತನ್ನ ಧರ್ಮ ಹೇಳಲು. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಇಲ್ಲಿನ ಹುಡುಗರಿಗೆ ಪಾಠ ಹೇಳಬೇಕಾಯಿತು. ಪಾಠ ಹೇಳಬೇಕಾದರೆ ಅವರ ಮಾತು ಬೇಡವೇ? ಕಲಿತ. ಎಷ್ಟು ಕಲಿತನೆಂದರೆ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ "ಮಂಗಳೂರ ಸಮಾಚಾರ" ಹೊರತಂದ. 15 ದಿನಕ್ಕೊಮ್ಮೆ, 4 ಪುಟ, ಬೆಲೆ 1 ದುಡ್ಡು. ಅದೂ ಕಲ್ಲಚ್ಚಿನಲ್ಲಿ! ಎಣ್ಣೆ ಮಸಿಯ ಅಕ್ಷರವನ್ನು ಕಲ್ಲಿನ ಮೇಲೆ ಮೂಡಿಸಿ, ನೀರು ಸವರಿ, ಮಸಿ ಉರುಳೆ ಹಾಯಿಸಿ, ಒಂದೊಂದೇ ಹಾಳೆ ಒತ್ತಿ ತೆಗೆಯಬೇಕು. ಈ ಕಸುಬಿನವನಿಗೆ ಗೊತ್ತು ಅದರ ಸೊಂಟನೋವು. ಇಂದಿಗೂ ಜುಲೈ 1 ನಮಗೆ ಪತ್ರಿಕಾ ದಿನ.

ಅಷ್ಟಕ್ಕೇ ನಿಲ್ಲಲಿಲ್ಲ. ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳು, ಇವನ್ನು ಅಚ್ಚು ಹಾಕಿಸಿದ. ತನ್ನ ಧರ್ಮ ಕಲಿಸಲು ಬಂದವನು ನಮ್ಮ ಶರಣರನ್ನೂ ದಾಸರನ್ನೂ ಕಲಿತು ಕೂತ ನೋಡಿ! 1858ರಲ್ಲಿ ಅದೇ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಅವನ ಹಿಂದೆ 1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು ನಿಮಗೆ ಗೊತ್ತೇ ಇದೆ.

ಎಲ್ಲರಿಗೂ ಹೀಗೆ ಆಗುವುದಿಲ್ಲ. ನಮ್ಮ ಕಡೆಯ ಒಬ್ಬ ಟ್ಯೂಷನ್ ಮೇಷ್ಟ್ರು ಹನ್ನೆರಡು ವರ್ಷ ನಮ್ಮ ಮಕ್ಕಳಿಗೆ ಪಾಠ ಹೇಳಿದ್ದಾರೆ. ಕನ್ನಡದಲ್ಲಿ "ಎಷ್ಟು?" ಅನ್ನುವುದೊಂದು ಬರುತ್ತದೆ. ಲೆಕ್ಕ ಚೆನ್ನಾಗಿ ಹೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಹನ್ನೆರಡು ವರ್ಷದಲ್ಲಿ ಅವರಿಗೆ ಸಿಕ್ಕಿದ್ದು ಫೀಸು ಮಾತ್ರ.

ನನ್ನ ಮಾತಿಗೆ ಬರುತ್ತೇನೆ. ನನ್ನ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸಕ್ಕೆ ಒಡಿಶಾದ ಒಬ್ಬ ಹುಡುಗನಿದ್ದಾನೆ. ರಾತ್ರಿ ಶಟರ್ ಎಳೆಯುವ ಮುಂಚೆ ಅರ್ಧ ಗಂಟೆ ಕನ್ನಡ ಹೇಳಿಕೊಡುತ್ತೇನೆ. ಒಂದು ದಿನ ಕೇಳಿದ: "ಅಣ್ಣಾ, ಹುಡುಗ ಬಿದ್ದ, ಹುಡುಗಿ ಬಿದ್ದಳು, ಮರ ಬಿತ್ತು. ಸರಿ. ಆದರೆ ಮಗು ಯಾಕೆ ಬಿತ್ತು? ಮಗು ಮನುಷ್ಯ ಅಲ್ವಾ?" ಅವನ ಒಡಿಯಾ ಭಾಷೆಯಲ್ಲಿ ಮೂರಕ್ಕೂ ಕ್ರಿಯಾಪದ ಒಂದೇ. ನಲವತ್ತು ವರ್ಷ ಕನ್ನಡ ಆಡಿದವನು, ಕನ್ನಡಕ್ಕಾಗಿ ಲಾಠಿ ಏಟು ತಿಂದವನು, ಬಾಯಿ ಮುಚ್ಚಿಕೊಂಡು ಕೂತೆ. ಮಾರನೆಯ ದಿನ ಮಗಳ ವ್ಯಾಕರಣ ಪುಸ್ತಕ ತೆಗೆದೆ. ಮಗು ನಪುಂಸಕಲಿಂಗ ಎಂದಷ್ಟೇ ಇತ್ತು, ಯಾಕೆ ಎಂದು ಇರಲಿಲ್ಲ. ಇನ್ನೂ ಹುಡುಕುತ್ತಿದ್ದೇನೆ. ನನ್ನ ಭಾಷೆಯನ್ನು ನಾನು ಮೊದಲ ಸಲ ಹೊರಗಡೆ ನಿಂತು ನೋಡಿದ್ದು ಆ ರಾತ್ರಿ. ಚಿಕ್ಕಂದಿನಲ್ಲಿ ನಮ್ಮಪ್ಪ ಅಚ್ಚುಮೊಳೆ ಜೋಡಿಸುವಾಗ ಅಕ್ಷರ ತಿರುಗುಮುರುಗಾಗಿ ಕಾಣುತ್ತಿತ್ತಲ್ಲ, ಹಾಗೆಯೇ ಆಯಿತು.

ಅದಕ್ಕೇ ತಂಗಿ, ಹೋಗಮ್ಮ. ಅಲ್ಲಿನ ಮಕ್ಕಳು ನಿನ್ನ ಉಚ್ಚಾರಕ್ಕೆ ನಗುತ್ತಾರೆ, ನಗಲಿ. ನಿನ್ನ ಊರು ಯಾವುದು, ನಿನ್ನ ಲಿಪಿ ಹೇಗಿದೆ, ಬರೆದು ತೋರಿಸು ಅನ್ನುತ್ತಾರೆ. ಬೋರ್ಡಿನ ಮೇಲೆ ಬರೆಯುವಾಗ ನಿನಗೇ ಒತ್ತಕ್ಷರ ತಪ್ಪಿದರೆ ಅವಮಾನ ಯಾರದು? ಈಗಲೇ ತಿದ್ದಿಕೋ. ಅವರ ಮಾತನ್ನು ಮೊದಲ ತಿಂಗಳಲ್ಲೇ ಹಿಡಿ. ಟ್ಯೂಷನ್ ಮೇಷ್ಟ್ರ ಹಾಗೆ ಬರಬೇಡ.

ನಿಮ್ಮ ತಂದೆಯವರ ಹತ್ತಿರ ನಾನು ಭಾನುವಾರ ಬಂದು ಮಾತಾಡುತ್ತೇನೆ. ಇನ್ನೂರು ಪುಟದ ಒಂದು ಪುಸ್ತಕ ಹೊಲಿಸಿ, ಗಟ್ಟಿ ರಟ್ಟು ಹಾಕಿಸಿ ಇಟ್ಟಿದ್ದೇನೆ. ಹೊಲಿದವನು ಆ ಒಡಿಶಾದ ಹುಡುಗನೇ. ಎಡಗಡೆ ಅಲ್ಲಿನ ಮಕ್ಕಳು ಆಡಿದ ಮಾತು ಬರೆ, ಬಲಗಡೆ ಅದಕ್ಕೆ ಕನ್ನಡ. ಬಲಗಡೆ ಖಾಲಿ ಉಳಿದ ಪುಟ ಎಷ್ಟು ಎಂದು ವಾಪಸ್ ಬಂದಾಗ ಎಣಿಸುತ್ತೇನೆ.